ತವರಿನ ಕುರಿ

ಹುಲ್ಲಿಗೂ ಒಂದು ಸಂಘ ಬೇಕೇ ಎಂದು ಕಲ್ಯಾಣದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕವರು ಇವತ್ತಿಗೂ ಇದ್ದಾರೆ. ಹೆಸರು ಹೇಳಿ ಅವರ ಮಾನ ಕಳೆಯುವುದು ಬೇಡ. ಅವರ ಕುರಿಗಳೂ ಈಗ ಆ ಹುಲ್ಲನ್ನೇ ಮೇಯುತ್ತವೆ.

ಸಂಘ ಕಟ್ಟಿದವಳು ಬೀರಕ್ಕ. ಬೆಳುಗುಪ್ಪದ ದಾರಿಯಲ್ಲಿ ಅವಳ ಊರಾಚೆ ಕೆಂಪುದಿಣ್ಣೆ ಇದೆ. ಅವಳು ಮದುವೆಯಾಗಿ ಬಂದ ಹೊಸತರಲ್ಲಿ ಅಲ್ಲಿ ಕಣ್ಣು ಹಾಯುವಷ್ಟು ದೂರ ಹುಲ್ಲು, ಹುಲ್ಲಿನೊಳಗೆ ಬುರ್ಲಿ ಹಕ್ಕಿಯ ಗೂಡು, ಸಂಜೆಗೆ ಜಿಂಕೆಗಳು. ಆಮೇಲೆ ಬಳ್ಳಾರಿ ಜಾಲಿ ನುಗ್ಗಿತು. ಜಾಲಿ ಬಿಟ್ಟ ಜಾಗವನ್ನು ಊರ ದನಕುರಿಗಳು ಬೀಜ ಕಟ್ಟುವ ಮೊದಲೇ ಬೋಳಿಸಿದವು. ಕೊನೆಗೆ ಸರ್ಕಾರಿ ಆಫೀಸಿನವರು ಬಂದು ನೋಡಿ ಬಂಜರು ಎಂದು ಬರೆದುಕೊಂಡು ಹೋದರು. ಆ ಮಾತು ಕೇಳಿದರೆ ಬೀರಕ್ಕನಿಗೆ ಮೈಯೆಲ್ಲ ಉರಿಯುತ್ತಿತ್ತು.

ಅಮಾವಾಸ್ಯೆ ದಿನ ಯಾರೂ ಎತ್ತು ಹೂಡುವುದಿಲ್ಲ, ಕೂಲಿಗೂ ಕರೆಯುವುದಿಲ್ಲ. ಆ ರಜೆಯನ್ನೇ ಹಿಡಿದುಕೊಂಡು ಬೀರಕ್ಕ ಮನೆಮನೆಗೆ ಹೋಗಿ ಜನ ಎಬ್ಬಿಸಿದಳು. ಮೊದಲು ಬಂದದ್ದು ತಿಪ್ಪಕ್ಕ, ಅವಳ ಹಿಂದೆ ಓಬಳಪ್ಪ, ಆಮೇಲೆ ಬೇರೆ ಕೆಲಸವಿಲ್ಲದೆ ತಮಾಷೆ ನೋಡಲು ಬಂದವರು. ತಮಾಷೆಗೆ ಬಂದವರ ಕೈಗೂ ಅವಳು ಗುದ್ದಲಿ ಕೊಟ್ಟಳು. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಜಾಲಿಯನ್ನು ಬೇರುಸಹಿತ ಕಿತ್ತು, ಆ ಮುಳ್ಳನ್ನೇ ದಿಣ್ಣೆಯ ಸುತ್ತ ಬೇಲಿಯಾಗಿ ಹಾಕಿ, ಒಳಹೋಗಲು ಒಂದು ಕಂಡಿ ಬಿಟ್ಟರು. ದೂರದ ಬದುಗಳಲ್ಲಿ ಉಳಿದಿದ್ದ ಹಳೇ ಹುಲ್ಲಿನ ಬೀಜ ಆಯ್ದು ತಂದು ಚೆಲ್ಲಿದರು. ಕಟ್ಟಳೆ ಒಂದೇ: ಕಾರ್ತಿಕ ಮುಗಿದು ಬೀಜ ಉದುರುವ ತನಕ ಯಾರ ದನವೂ ಕುರಿಯೂ ಒಳಗೆ ಕಾಲಿಡಬಾರದು. ಆಮೇಲೆ ಸರದಿಯ ಮೇಲೆ ಎಲ್ಲರಿಗೂ ಮೇವು. ಓಬಳಪ್ಪನ ಎಮ್ಮೆ ಒಂದು ಸಲ ನುಗ್ಗಿದಾಗ ಬೀರಕ್ಕ ಅದನ್ನು ಆಚೆಗೆ ಅಟ್ಟಿ ಅವನಿಗೂ ಚೆನ್ನಾಗಿ ಮಂಗಳಾರತಿ ಎತ್ತಿದ್ದಳು.

ಎಂಬತ್ತಾರನೆಯ ಇಸವಿಯ ಆಶ್ವಯುಜಕ್ಕೆ ದಿಣ್ಣೆ ಮೊದಲ ಬಾರಿಗೆ ತುಂಬಿ ನಿಂತಿತು. ಸೊಂಟದೆತ್ತರದ ಹುಲ್ಲು, ತುದಿಯಲ್ಲಿ ಸೂಜಿಮೊನೆಯ ಊಬು. ಅಲ್ಲೊಂದು ಇಲ್ಲೊಂದು ತೆನೆ ಬಿಟ್ಟರೆ ಬೀಜ ಇನ್ನೂ ಬಲಿತಿರಲಿಲ್ಲ. ಇಷ್ಟು ವರ್ಷದ ಬೆವರು ಫಲಕ್ಕೆ ಬರುವುದು ಇನ್ನೊಂದು ತಿಂಗಳ ಮಾತಾಗಿತ್ತು.

ಅಂಥ ಹೊತ್ತಿಗೆ ಬೀರಕ್ಕ ತನ್ನ ಹೊಲದಲ್ಲಿ ಕಡಲೆಕಾಯಿ ಕೀಳುತ್ತಿದ್ದಾಗ ಓಬಳಪ್ಪ ಓಡುತ್ತ ಬಂದ. ಮುಖದಲ್ಲಿ ಹಬ್ಬದ ಕಳೆ.

"ಅಕ್ಕಾ, ನಿಮ್ಮಣ್ಣ ಬಂದವ್ರೆ! ಹಿಂಡು ಸಮೇತ! ನಾನೇ ಕಂಡಿ ಮುಳ್ಳು ತೆಗ್ದು ಒಳೀಕೆ ಬುಟ್ಟೆ."

"ಯಾರ್ನ ಕೇಳಿ ಬುಟ್ಟೆ?"

"ಇದೇನಕ್ಕಾ, ನಿನ್ ತವರಿನ ಕುರೀನ ಬಿಸ್ಲಲ್ಲಿ ನಿಲ್ಸಾಕಾಯ್ತದಾ? ಪೋನೀಲೇ, ಹೋಗ್ಲಿ ಬುಡು, ಒಂದು ದಿನ ತಾನೆ."

ತನ್ನ ಎಮ್ಮೆಗಿಲ್ಲದ ಮರ್ಯಾದೆಯನ್ನು ಅವನು ಅಕ್ಕನ ತವರಿಗೆ ಮನಸಾರೆ ಕೊಟ್ಟಿದ್ದ. ಅವನಲ್ಲಿ ಕಪಟವಿರಲಿಲ್ಲ. ಅದಕ್ಕೇ ಬೀರಕ್ಕನಿಗೆ ಬೈಯಲೂ ಆಗಲಿಲ್ಲ. ಕೈಯ ಮಣ್ಣನ್ನೂ ಒರೆಸಿಕೊಳ್ಳದೆ ದಿಣ್ಣೆಯ ಕಡೆ ಓಡಿದಳು.

ಅಣ್ಣ ಈರಲಿಂಗಪ್ಪನ ಊರು ಹಿಂದೂಪುರದಾಚೆ, ಚಿಲಮತ್ತೂರಿನ ಹತ್ತಿರ. ಪ್ರತಿವರ್ಷ ಹಿಂಡು ಹೊಡೆದುಕೊಂಡು ಪೆನುಕೊಂಡದ ಮೇಲೆ ಈ ಸೀಮೆಗೆ ಬರುತ್ತಿದ್ದ. ತಂಗಿಯ ಮನೆಯಲ್ಲಿ ಒಂದು ರಾತ್ರಿ ಉಂಡು, ದೀಪಾವಳಿಯ ಸೀರೆ ಕೊಟ್ಟು ಮುಂದೆ ಹೋಗುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಬೀರಕ್ಕನಿಗೆ ತವರು ಎಂದರೆ ಆ ಒಂದು ರಾತ್ರಿಯೇ.

ಅವಳು ಬರುವ ಹೊತ್ತಿಗೆ ಅರ್ಧ ಹಿಂಡು ಬೇಲಿಯೊಳಗಿತ್ತು. ಹೊರಗೆ ರಸ್ತೆಯ ಮೇಲೆ ದನ ಹೊಡೆದುಕೊಂಡು ಹೋಗುತ್ತಿದ್ದವರು ನಿಂತು ನೋಡುತ್ತಿದ್ದರು. ಅವರ ಕಣ್ಣು ಕುರಿಯ ಮೇಲಿರಲಿಲ್ಲ, ಬೀರಕ್ಕನ ಮೇಲಿತ್ತು.

"ಏನ್ ಬೀರಿ, ಇಷ್ಟು ಬಡಕಲಾಗಿದ್ದೀಯ!" ಎಂದ ಈರಲಿಂಗಪ್ಪ, ಬಾಯ್ತುಂಬ ನಕ್ಕು. "ಹಿಂದೂಪುರದ ಪ್ಯಾಟೇಲಿ ಸೀರೆ ತಂದಿವ್ನಿ, ನೋಡು."

"ಅಣ್ಣಯ್ಯ, ಮೊದ್ಲು ಕುರೀನ ಆಚೀಗೆ ಹೊಡಿ."

ಅವನು ತಮಾಷೆ ಎಂದುಕೊಂಡ. "ನಮ್ ಕುರಿ ಕಣಮ್ಮ. ಅಪ್ಪ ಸಾಕಿದ್ ತಳಿ."

"ಅದ್ಕೇ ಹೇಳ್ತಿರಾದು. ಇವತ್ತು ನಿನ್ ಕುರಿ ಮೇಯ್ದ್ರೆ, ನಾಳೆ ನಾನು ಯಾರ್ ಮುಂದೆ ಮುಳ್ಳು ಎಳೀಲಿ? ನಮ್ಮೊಲಕ್ಕೆ ಹೊಡ್ಕಂಡ್ ಬಾ. ಕಡ್ಲೆಕಾಯಿ ಬಳ್ಳಿ ಒಂದು ಬಣವೆ ಐತೆ, ಪೂರಾ ಹಾಕ್ತೀನಿ. ಅದು ನಂದು, ಕೊಡ್ತೀನಿ. ಇದು ನಂದಲ್ಲ."

ಈರಲಿಂಗಪ್ಪನ ನಗು ಇಳಿಯಿತು. ಸುತ್ತ ಜನ ನೋಡುತ್ತಿದ್ದರು. ಕೊಡಿಕೊಂಡದ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಹಿಂಡು ದಾಟಿಸಿ, ಕಾಲು ಸವೆಸಿ ಬಂದವನಿಗೆ ಒಡಹುಟ್ಟಿದವಳ ಬಾಯಲ್ಲೇ ಆಚೆ ಹೋಗು ಎನ್ನಿಸಿಕೊಳ್ಳುವುದೆಂದರೇನು?

"ನಾನು ಹೊಡ್ಯಲ್ಲ. ಕೈಲಾದ್ರೆ ನೀನೇ ಹೊಡ್ಕ," ಎಂದು ಕಲ್ಲಿನ ಮೇಲೆ ಕೂತು ಬೀಡಿ ಹಚ್ಚಿದ.

ಕೋಲು ಹಿಡಿದು ಅಟ್ಟಿಸಿದರೆ ಕುರಿ ದಿಣ್ಣೆಯ ತುಂಬ ಚೆಲ್ಲಾಪಿಲ್ಲಿಯಾಗುತ್ತದೆ, ತಿನ್ನುವುದಕ್ಕಿಂತ ತುಳಿದು ಹಾಳುಮಾಡುವುದೇ ಹೆಚ್ಚು. ಕುರಿಯವನ ಮಗಳಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ. ಬೀರಕ್ಕ ಕಂಡಿಯಾಚೆ ಹೋಗಿ ನಿಂತಳು. ಬಾಯಿಗೆ ಎರಡೂ ಕೈ ಅಡ್ಡ ಹಿಡಿದು ಕೂಗಿದಳು.

ಅದು ಅವಳ ಅಪ್ಪನ ಕೂಗು. ಒಂದೊಂದು ಕುರಿಮನೆಗೂ ಅದರದೇ ಕೂಗು ಇರುತ್ತದೆ; ಇವರದು ಗಂಟಲಿನಾಳದಿಂದ ಎದ್ದು ಎರಡು ಸಲ ಮೇಲೇರಿ ತಟ್ಟನೆ ನಿಲ್ಲುವಂಥದ್ದು. ಅಪ್ಪ ಅದನ್ನು ಮಗನಿಗೆ ಕಲಿಸಿದ್ದ. ಮಗಳು ಹಿಂದೆ ನಿಂತು ತಾನೇ ಕಲಿತಿದ್ದಳು. ಮದುವೆಯಾದ ಮೇಲೆ ಒಂದು ಸಲವೂ ಕೂಗಿರಲಿಲ್ಲ.

ಮುಂದಾಳು ಟಗರು ತಲೆ ಎತ್ತಿತು. ಬಾಯಲ್ಲಿದ್ದ ಹುಲ್ಲನ್ನು ಹಾಗೇ ಕಚ್ಚಿಕೊಂಡು ತಿರುಗಿತು. ಅದರ ಹಿಂದೆ ಇನ್ನೊಂದು, ಆಮೇಲೆ ಹಿಂಡಿಗೆ ಹಿಂಡೇ ಕಂಡಿಯಿಂದ ಹೊರಗೆ ಹರಿದು ಬಂದು ಬೀರಕ್ಕನನ್ನು ಸುತ್ತಿಕೊಂಡಿತು. ಅವಳು ಇನ್ನೊಮ್ಮೆ ಕೂಗಿ ತನ್ನ ಹೊಲದ ಕಡೆ ನಡೆದಳು. ಓಬಳಪ್ಪ ನಾಚಿ ಮೈಯೆಲ್ಲ ಹಿಡಿಯಾಗಿ ಕಂಡಿಗೆ ಮುಳ್ಳೆಳೆದ.

ಈರಲಿಂಗಪ್ಪನ ಬೀಡಿ ಕೈಯಲ್ಲೇ ಆರಿತು. ಹಿಂಡಿನ ಹಿಂದೆ ಹೊಲದವರೆಗೂ ಬಂದು ಹೇಳಿದ: "ಅಪ್ಪನ ಕೂಗು ಕೂಗಿ ನನ್ ಕುರೀನೇ ನನ್ ಮ್ಯಾಲೆ ತಿರುಗಿಸ್ಬುಟ್ಟೆ ಅಲ್ಲೇ, ಬೀರಿ!"

ಹೊಲದಲ್ಲಿದ್ದ ಬೀರಕ್ಕನ ಗಂಡ ಗಂಗಣ್ಣ ಓಡಿ ಹೋಗಿ ಮನೆಯಿಂದ ಚೆಂಬಿನಲ್ಲಿ ನೀರು ತಂದ. ಈರಲಿಂಗಪ್ಪ ಮುಟ್ಟಲಿಲ್ಲ. "ಈ ಮನೆ ನೀರು ಇನ್ನು ನಂಗೆ ಬ್ಯಾಡ," ಎಂದ. ಬಣವೆಯ ಕಡೆ ತಿರುಗಿಯೂ ನೋಡದೆ, ಸೀರೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು, ಹಿಂಡು ಹೊಡೆದುಕೊಂಡು ಹೊರಟುಹೋದ.

ಆ ರಾತ್ರಿ ಗಂಗಣ್ಣನಿಗೆ ತಡೆಯಲಾಗಲಿಲ್ಲ. "ಹುಲ್ಲು ಬಂದು ನಿಂಗೆ ತೌರಾಗ್ತದಾ?" ಎಂದು ಕೇಳಿದ. ಬೀರಕ್ಕ ಅಡುಗೆಮನೆಗೆ ಎದ್ದುಹೋದಳು. ಒಲೆಯ ಮುಂದೆ ಕೂತು ಬಿಕ್ಕಿಬಿಕ್ಕಿ ಅತ್ತಳು. ಅಣ್ಣನ ಒಣಗಿದ ತುಟಿ ಕಣ್ಣಮುಂದಿನಿಂದ ಹೋಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮುಖ ತೊಳೆದು ದಿಣ್ಣೆಗೆ ಹೋಗಿ ಕಂಡಿಯ ಪಕ್ಕ ಕೂತಳು.

ಆ ವರ್ಷ ಬೇಲಿ ಮುಟ್ಟಿದವರು ಒಬ್ಬರೂ ಇಲ್ಲ. ಸ್ವಂತ ಅಣ್ಣನನ್ನೇ ಬಿಡದವಳು ನಮ್ಮನ್ನು ಬಿಟ್ಟಾಳೆಯೇ ಎಂದು ದನ ಹೊಡೆಯುವವರೆಲ್ಲ ದೂರದಿಂದಲೇ ಹಾದುಹೋದರು. ಬೀಜ ಬಲಿತು ಉದುರಿತು. ಕಾರ್ತಿಕ ಮುಗಿದ ಮೇಲೆ ಕಂಡಿ ತೆಗೆದು ಸರದಿ ಹಚ್ಚಿದರು. ಎಲ್ಲರ ಕುರಿ ಮೇಯ್ದವು, ತವರಿನ ಕುರಿ ಮಾತ್ರ ಬರಲಿಲ್ಲ.

ಮರುವರ್ಷ ಹುಲ್ಲು ಇನ್ನೂ ದಟ್ಟವಾಗಿ ಬಂತು. ಬುರ್ಲಿ ಹಕ್ಕಿಯೂ ಬಂತು. ಅದೇ ಆಶ್ವಯುಜದಲ್ಲಿ ಒಂದು ಮಧ್ಯಾಹ್ನ ಹಿಂದೂಪುರದ ಕಡೆಯ ಬಸ್ಸಿನಿಂದ ಈರಲಿಂಗಪ್ಪ ಇಳಿದ. ಜೊತೆಗೆ ಕುರಿಯಿಲ್ಲ. ಕಂಕುಳಲ್ಲಿ ಅದೇ ಗಂಟು. ಬಂದವನೇ ಜಗಲಿಯ ಮೇಲೆ ಕೂತು ಕಂಬ ನೋಡುತ್ತಾ ಹೇಳಿದ.

"ಹೋದ್ವರ್ಸ ನಮ್ ಕುರಿ ಮೈಗೆಲ್ಲ ನಿನ್ ಹುಲ್ಲಿನ ಊಬು ಬೀಜ ಸಮೇತ ಚುಚ್ಕಂಡಿತ್ತು. ಉಣ್ಣೆ ಕತ್ತರಿಸ್ದಾಗ ನಿನ್ನ ಬಯ್ಕಂಡು, ಆ ಕಸ ತುಂಬಿದ್ ಉಣ್ಣೇನೆಲ್ಲ ಊರಾಚೆ ಬೋಳು ಬೋರೆ ದಿಣ್ಣೆ ಮ್ಯಾಲೆ ಎಸ್ದೆ. ಮಳೆ ಬಿದ್ಮ್ಯಾಲೆ ನೋಡ್ತೀನಿ, ಅಲ್ಲೆಲ್ಲ ಹುಲ್ಲು!"

ಬೀರಕ್ಕ ಬಾಗಿಲ ಹತ್ತಿರದಿಂದ ಜಗಲಿಗೆ ಬಂದಳು.

"ನೋಡಿ ಸುಮ್ಕಿರಾಕಾಗ್ಲಿಲ್ಲ. ನಾಕು ಜನ ಸೇರ್ಕಂಡು ಮುಳ್ಳು ಹಾಕಿದೀವಿ. ಬೀಜ ಉದುರಾ ತನ್ಕ ಯಾರ್ನೂ ಬುಡಲ್ಲ ಅಂತ ಊರ್ಗೆಲ್ಲ ಸಾರಿದೀನಿ. ಈಗ ನನ್ ಬಾಮೈದ ಹಿಂಡು ಹೊಡ್ಕಂಡು ನಾಳಿದ್ದು ಬತ್ತಾವ್ನೆ. ಅವ್ನಿಗೆ ಬ್ಯಾಡ ಅಂದ್ರೆ ನನ್ನೆಂಡ್ತಿ ಮನೇಲಿ ಹಿಟ್ಟು ಬೇಯ್ಸಲ್ಲ." ತಲೆ ಎತ್ತಿ ಅವಳನ್ನು ನೋಡಿದ. "ನನ್ ಕೈಲಾಗಲ್ಲ ಬೀರಿ. ನೀನು ಬಂದು ಕಂಡೀಲಿ ನಿಂತ್ಕ."

ಬೀರಕ್ಕ ಒಳಗೆ ಹೋಗಿ ಚೆಂಬು ತುಂಬಿಸಿ ತಂದಳು. 

"ನಾನ್ಯಾಕೆ ನಿಂತ್ಕಳ್ಳಿ? ನಿಂತ್ಕಳ್ಳಾದು ನೀನೇ. ನಾನು ಪಕ್ಕದಾಗಿರ್ತೀನಿ. ನೀರು ಕುಡಿ, ಸಾಯಂಕಾಲದ ಬಸ್ಸಿಗೇ ಹೋಗಾಣ."

ಈರಲಿಂಗಪ್ಪ ಚೆಂಬೆತ್ತಿ ಗಟಗಟ ಕುಡಿದ. ಬರಿದಾದ ಚೆಂಬನ್ನು ತಂಗಿಯ ಮುಂದೆ ಹಿಡಿದು, "ಇನ್ನೊಂದು ಚೆಂಬು ಕೊಡಮ್ಮ," ಎಂದ.