ಅಂಚೆಪೆಟ್ಟಿಗೆಯ ಮೇಲೆ ರೆಬೆಕಾ

ಜರ್ಮನಿಯ ರೆನ್ನಿಂಗೆನ್ ಊರಿನ ತನ್ನ ಮನೆಯ ಅಂಚೆಪೆಟ್ಟಿಗೆಯಿಂದ ಜೂಲಿಯಾನಾ ರೆಬೆಕಾಳ ಹೆಸರನ್ನು ಮೂರನೆಯ ಸಲ ಕೆರೆದು ತೆಗೆದಳು. ಉಗುರಿನ ಸಂದಿಯಲ್ಲಿ ಅಂಟು ಉಳಿಯಿತು. ಈ ದೇಶದಲ್ಲಿ ಪೆಟ್ಟಿಗೆಯ ಮೇಲೆ ಹೆಸರಿಲ್ಲದಿದ್ದರೆ ಪತ್ರ ಬಂದ ದಾರಿಯಲ್ಲೇ ವಾಪಸ್ಸು. ಅದಕ್ಕೇ ತಿಂಗಳ ಹಿಂದೆ ಒಂದು ಚೀಲ ಹಿಡಿದು ಬಂದ ರೆಬೆಕಾ, ನೀರು ಕುಡಿಯುವ ಮೊದಲೇ ಅದನ್ನು ಕೇಳಿದ್ದಳು.

"ಅಕ್ಕಾ, ನಿಮ್ಮ ಬಾಕ್ಸಿನ ಮೇಲೆ ನನ್ನ ಹೆಸರೊಂದು ಅಂಟಿಸ್ಲಿಕ್ಕೆ ಆಗ್ತದಾ? ಗಂಡನ ವೀಸಾದಲ್ಲಿ ಬಂದವಳು ನಾನು; ಅವರನ್ನು ಬಿಟ್ಟು ಬೇರೆ ಇರ್ಲಿಕ್ಕೆ ವೀಸಾ ಆಫೀಸಿಗೆ ಬರ್ದಿದ್ದೇನೆ. ಆ ಲೆಟರ್ ಅವರ ಕೈಗೆ ಸಿಕ್ಕಿದ್ರೆ ನನ್ನ ಕಥೆ ಮುಗೀತು."

ಅವಳ ತೋಳಿನ ತುಂಬ ನೀಲಿ ಗುರುತು. ಹೆಸರು ಅಂಟಿತು. ಹತ್ತು ದಿನ ಅಡುಗೆಮನೆಯಲ್ಲಿ ರೆಬೆಕಾ ಅತ್ತಳು, ಎದುರು ಕೂತು ಜೂಲಿಯಾನಾಳೂ ಅತ್ತಳು.

ಜೂಲಿಯಾನಾ ಕೆಟ್ಟವಳಲ್ಲ. ಬಾಯಿ ನಿಲ್ಲದ ಭಕ್ತೆ, ಅಷ್ಟೆ. ಉಡುಪಿ, ಮಂಗಳೂರು ಕಡೆಯ ಹನ್ನೆರಡು ಕುಟುಂಬಗಳ ಪ್ರಾರ್ಥನಾಕೂಟದ ವಾಟ್ಸಾಪ್ ಗುಂಪಿಗೆ ಅವಳೊಂದು ಕೋರಿಕೆ ಹಾಕಿದಳು: 'ನಮ್ಮ ಮನೆಯಲ್ಲಿರುವ ನೊಂದ ಸಹೋದರಿಗಾಗಿ ಪ್ರಾರ್ಥಿಸಿರಿ.' ಹೆಸರು ಹೇಳಲಿಲ್ಲವಲ್ಲ ಎಂಬುದು ಅವಳ ಸಮಾಧಾನ. ಗುಂಪಿನಲ್ಲಿ ರೆಬೆಕಾಳ ಗಂಡನೂ ಇದ್ದ. ಮೊದಲು 'ಆಮೆನ್' ಎಂದು ಬರೆದವನು ಅವನೇ.

ಮರುದಿನ ಅವನನ್ನು ಕರೆದುಕೊಂಡು ಕೂಟದ ಹಿರಿಯರಾದ ಜೇಸನ್ ಅಂಕಲ್ ಬಂದರು. ಅಂಕಲ್ ಯಾವುದೋ ಪಾಡ್‌ಕಾಸ್ಟ್ ಕೇಳಿ ಹೊಸ ಜ್ಞಾನೋದಯ ಪಡೆದಿದ್ದರು. ಮೂರು ಭಾನುವಾರಗಳಿಂದ ಒಂದೇ ಪ್ರಸಂಗ: ಎಂಪಥಿ ಎಂಬುದು ಸೈತಾನನ ಬಲೆ.

"ಕನಿಕರ ಬೇಡ ಅಂತ ಯಾರು ಹೇಳಿದ್ರು ಮಾರಾಯ್ತಿ? ಆದ್ರೆ ಅವಳ ನೋವನ್ನು ನೀನು ಮೈಮೇಲೆ ಹಾಕ್ಕೊಂಡ್ರೆ ಸತ್ಯ ಕಾಣುದಿಲ್ಲ. ಮದುವೆ ದೇವರು ಕೂಡಿಸಿದ್ದು. ಅವಳು ಅತ್ತಳು ಅಂತ ನೀನು ಮುರಿಯುದಾ?"

"ಹೊಡ್ದಿದ್ದಾನೆ ಅಂಕಲ್."

"ಕ್ಷಮೆ ಕೇಳಿದ್ದಾನಲ್ಲ!"

ಸೋಫಾದ ಮೂಲೆಯಿಂದ ಎಂಟು ವರ್ಷದ ಮಗಳು ಜೆಸ್ಸಿ ಕೇಳಿದಳು, "ಮಮ್ಮಿ, ಯೇಸು ಕೂಡ ಅತ್ತಿದ್ದಾನಲ್ವಾ?"

ಅಂಕಲ್ ನಕ್ಕು ಅವಳ ಕೈಗೊಂದು ಚಾಕಲೇಟು ಕೊಟ್ಟರು.

ರೆಬೆಕಾಳ ಚೀಲ ತುಂಬಿ ಗಂಡನ ಜೊತೆ ಕಳಿಸಿದ್ದು ಜೂಲಿಯಾನಾಳೇ. ತನ್ನ ಕಣ್ಣೀರಿನ ಮೇಲೆ ಅವಳಿಗೇ ಅನುಮಾನ ಹುಟ್ಟಿತ್ತು. ರೆಬೆಕಾ ಮಾತ್ರ ಅಂದು ಅಳಲಿಲ್ಲ. ಬಾಗಿಲಲ್ಲಿ ಮೆಲ್ಲಗೆ ಹೇಳಿದಳು, "ಹೆಸರು ಇರ್ಲಿ ಅಕ್ಕಾ. ಲೆಟರ್ ಬರ್ತದೆ."

ಆ ಸಂಜೆಯೇ ಜೂಲಿಯಾನಾ ಅದನ್ನು ಕೆರೆದಳು. ಒಪ್ಪಿಕೊಂಡ ಮೇಲೆ ಪೂರ್ತಿ ಒಪ್ಪಿಕೊಳ್ಳಬೇಕು ಎಂದಿದ್ದರು ಅಂಕಲ್. ವಾರ ಕಳೆಯುವಷ್ಟರಲ್ಲಿ ಹೆಸರು ಮತ್ತೆ ಬಂತು, ನೇರಳೆ ಶಾಯಿಯಲ್ಲಿ. ಕೆರೆದಳು. ಮತ್ತೆ ಬಂತು. ಮೂರನೆಯ ಸಲ, ಅಂದರೆ ಈ ಶುಕ್ರವಾರ, ಕೆರೆದು ಮಗಳ ಕಿವಿ ಹಿಂಡಿದಾಗ ಜೆಸ್ಸಿ ಒಪ್ಪಿಕೊಂಡಳು.

"ಎರಡು ಸಲ ನಾನೇ. ಆಂಟಿಗೆ ಮನೆ ಗೊತ್ತಾಗ್ಬೇಕಲ್ಲ?"

ಶನಿವಾರ ಹನ್ನೊಂದು ಗಂಟೆಗೆ ತಾಯಿಮಗಳು ಅಂಗಡಿಯಿಂದ ಬಂದರು. ಹತ್ತಕ್ಕೆ ಹೊರಡುವಾಗ ಇಲ್ಲದಿದ್ದ ಹೆಸರು ಪೆಟ್ಟಿಗೆಯ ಮೇಲಿತ್ತು. ಒಳಗೆ ರೆಬೆಕಾಳ ಹೆಸರಿಗೆ ಪತ್ರವಿತ್ತು.

"ಇದು ನಾನಲ್ಲ ಮಮ್ಮಿ, ಪ್ರಾಮಿಸ್." ಮಗಳ ಮುಖ ಬಿಳಿಚಿಕೊಂಡಿತು.

ನೇರಳೆ ಶಾಯಿಯಲ್ಲ. ಕೊನೆಯ ಅಕ್ಷರಕ್ಕೆ ಉದ್ದ ಬಾಲ ಎಳೆದ ಕೈಬರಹ. ಹತ್ತು ದಿನ ಫ್ರಿಜ್ಜಿನ ಮೇಲೆ ಸಾಮಾನಿನ ಪಟ್ಟಿ ಬರೆದಿಡುತ್ತಿದ್ದ ಕೈ ಅದು. ಮುಟ್ಟಿದರೆ ಅಂಟು ಇನ್ನೂ ಹಸಿ. ಜೂಲಿಯಾನಾ ತಪ್ಪೆಂದು ಗೊತ್ತಿದ್ದೂ ಪತ್ರ ಒಡೆದಳು. ಗಂಡನಿಂದ ಬೇರೆಯಾಗಿ ಇರಲು ಒಪ್ಪಿಗೆ ಸಿಕ್ಕಿತ್ತು.

ಮಗಳನ್ನು ತನ್ನ ಗಂಡ ಗ್ಲೆನ್‌ನ ಬಳಿ ಬಿಟ್ಟು ಅವಳು ರೆಬೆಕಾಳ ಮನೆಯ ಕಡೆಗೆ ರೈಲು ಹತ್ತಿದಳು. ಮೂರೇ ಸ್ಟೇಷನ್. ಕರೆದುಕೊಂಡೇ ಬರುತ್ತೇನೆ, ಅಂಕಲ್ ಏನು ಬೇಕಾದರೂ ಅನ್ನಲಿ, ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಆ ಕಟ್ಟಡದ ಮುಂದೆ ಪೊಲೀಸ್ ಕಾರು ನಿಂತಿತ್ತು. ಕರೆಗಂಟೆಯ ಫಲಕದಲ್ಲಿ ಗಂಡನ ಹೆಸರು ಮಾತ್ರ. ಕೆಳಮನೆಯ ಮುದುಕಿ ಜರ್ಮನ್‌ನಲ್ಲಿ ಬಿಕ್ಕುತ್ತಾ ಹೇಳಿದಳು: ಬೆಳಿಗ್ಗೆ ಏಳಕ್ಕೆ ಕೂಗು ಕೇಳಿಸಿತು, ಮೆಟ್ಟಿಲಿಂದ ಬಿದ್ದಳೆಂದು ಅವನು ಹೇಳುತ್ತಿದ್ದಾನೆ. ಮುಖದ ಮೇಲೂ ಬಟ್ಟೆ ಹೊದಿಸಿ ಒಯ್ದರು. ಅವಳ ಹೆಸರು ನಮಗ್ಯಾರಿಗೂ ಗೊತ್ತಿರಲಿಲ್ಲ.

ಕೂಗು ಕೇಳಿಸಿದ್ದು ಏಳಕ್ಕೆ, ಹೆಸರು ಅಂಟಿದ್ದು ಹತ್ತರ ಮೇಲೆ. ಹಸಿ ಅಂಟು ಮುಟ್ಟಿದ ಬೆರಳನ್ನು ಜೂಲಿಯಾನಾ ಸೆರಗಿನಂತೆ ಹೊದ್ದ ಶಾಲಿಗೆ ಒರೆಸಿದಳು. ಅಂಟು ಹೋಗಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು, ಅನುಮಾನವಿಲ್ಲದೆ, ಗೋಳೋ ಎಂದು ಅತ್ತಳು.

ಮೇಲಿಂದ ಇಳಿದು ಬಂದ ಪೊಲೀಸ್ ಹೆಂಗಸು ಪುಸ್ತಕ ತೆರೆದು ಮೃದುವಾಗಿ ಕೇಳಿದಳು, "ಅವರು ನಿಮಗೆ ಏನಾಗಬೇಕು?"

"ರೆಬೆಕಾ," ಎಂದಳು ಜೂಲಿಯಾನಾ. "ನಮ್ಮ ಮನೆಯವಳು. ಪೆಟ್ಟಿಗೆಯ ಮೇಲೆ ಹೆಸರಿದೆ, ಬಂದು ನೋಡಿ."