ಗುರುಸಿದ್ದನ ಕರಕರ ಚಪ್ಪಲಿ

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗಡಹಿಂಗ್ಲಜದ ಕಲಾ ಗ್ಯಾಲರಿಯಿಂದ ಗುರುಸಿದ್ದನ ಚಪ್ಪಲಿ ಕಾಣೆಯಾದವು. ಗುರುಸಿದ್ದ ತೀರಿಕೊಂಡು ಮೂರು ವರ್ಷವಾಗಿತ್ತು.

ಗ್ಯಾಲರಿ ಇರುವುದು ನೂರು ವರ್ಷ ದಾಟಿದ ಶಾಲೆಯ ಕಟ್ಟಡದಲ್ಲಿ; ನಡೆಸುವವರು ಊರಿನವರೇ. ಅಲ್ಲಿ ಕಲಿತವರ ಹಳೆಯ ಚಪ್ಪಲಿಗಳನ್ನು ಮನೆಮನೆಯಿಂದ ಬೇಡಿ ತಂದು, ಗುರುಸಿದ್ದನ ಮೊಮ್ಮಗಳು ಮನೀಷಾ ತರಗತಿಯ ಬಾಗಿಲ ಮುಂದೆ ಸಾಲಾಗಿ ಜೋಡಿಸಿದ್ದಳು. ಅದೇ ಅವಳ ಕಲಾಕೃತಿ. ನಡುವೆ ಅಜ್ಜನ ಕೊಲ್ಲಾಪುರಿ ಜೋಡಿ. ನಡೆದರೆ ಕರಕರ ಎನ್ನುವಂತೆ ಹೇಳಿ ಹೊಲಿಸಿದ್ದು. ಅಜ್ಜಿ ಬಾಳಕ್ಕ ಕೊಡುವಾಗ ಒಂದೇ ಷರತ್ತು ಹಾಕಿದ್ದಳು: ಚಪ್ಪಲಿ ಸಂಜೆಗೆ ಮನೆಗೆ ಬರಬೇಕು.

ಬಾಗಿಲ ಮುಂದೆ ಚಪ್ಪಲಿ ಕಂಡರೆ ಜನ ತಮ್ಮವನ್ನೂ ಅಲ್ಲೇ ಬಿಡುತ್ತಾರೆ ಎಂಬುದು ಮನೀಷಾಳಿಗೆ ಹೊಳೆದಿರಲಿಲ್ಲ. ನೋಡಲು ಬಂದ ಮಹಾಗಾಂವದವರು ಬಿಟ್ಟರು, ಇಚಲಕರಂಜಿಯವರು ಬಿಟ್ಟರು. ಕೃತಿ ಅಂಗಳದವರೆಗೆ ಬೆಳೆಯಿತು. ಕೊಲ್ಲಾಪುರದ ಪ್ರದರ್ಶನಕ್ಕೆ ಕೃತಿ ಆರಿಸಲು ಬಂದ ಭರತೇಶ ಸರ್ ಕೂಡ ಬಿಟ್ಟೇ ಒಳಗೆ ಹೋದರು.

ಹೊರಬಂದು ಚಪ್ಪಲಿ ಮೆಟ್ಟಿಕೊಂಡ ಮೇಲೆ ಅವರು ಗೋಡೆಯ ಮೇಲೆ ಕೃತಿಯ ವಿವರ ಬರೆದಿದ್ದ ಚೀಟಿ ಓದಿದರು. ನಿಂತಲ್ಲೇ, ಒಳಗಿನವರಿಗೂ ಕೇಳುವಂತೆ ಹೊಗಳತೊಡಗಿದರು. ಹಿಮ್ಮಡಿ ಒಂದೇ ಬದಿ ಸವೆದ ಜೋಡಿಯೊಂದನ್ನು ತೋರಿಸಿ, ಇದನ್ನು ಮೆಟ್ಟಿದವನು ಕಾಲೆಳೆದು ನಡೆಯುವ ಸೋಮಾರಿ, ಮನುಷ್ಯನ ಸ್ವಭಾವವೇ ಇಲ್ಲಿ ಮೂಡಿದೆ ಎಂದರು. ಆಮೇಲೆ ಗೇಟಿನತ್ತ ನಡೆದರು.

ಕರಕರ ಸದ್ದಾಯಿತು. ಒಳಗೆ ಬೆಂಚಿನ ಮೇಲೆ ಕುಳಿತಿದ್ದ ಬಾಳಕ್ಕನ ಕೈ ತಾನಾಗಿ ಸೆರಗನ್ನು ತಲೆಗೆ ಎಳೆಯಿತು. ಮರುಕ್ಷಣ ಅವಳು ಎದ್ದಳು.

“ಆಯಿ, ಸುಮ್ನಿರು. ಆರಿಸಾವ್ರ ಅವ್ರು,” ಎಂದು ಮನೀಷಾ ತೋಳು ಹಿಡಿದಳು.

“ಆರಿಸಲಿ. ನನ್ನ ಗಂಡನ ಚಪ್ಪಲಿ ಮೆಟಗೊಂಡು ಯಾಕ ಹೊಂಟಾರ?”

ಗೇಟಿನಲ್ಲಿ ತಡೆದಾಗ ಭರತೇಶ ಸರ್ ನಕ್ಕರು. “ಕೊಲ್ಲಾಪುರಿ ಎಲ್ಲಾ ಒಂದ ಥರಾನ ಇರ್ತಾವ ಅಜ್ಜಿ.”

“ಇರ್ತಾವ್ರಿ. ಒಂದ ಥರಾ ಮಾತಾಡಂಗಿಲ್ಲ. ನಾಕ ಹೆಜ್ಜಿ ನಡೀರಿ.”

ನಡೆದರು. ಕರಕರ.

“ಈ ಸಪ್ಪಳಾ ಕೇಳಿ ನಲವತ್ತ ವರ್ಷ ಚಾಕ್ಕ ನೀರ ಇಟ್ಟೇನ್ರಿ. ನಿಮ್ಮವ ಯಾವ ಹಂಗಾರ?”

ಅವರು ಹಿಂದಿರುಗಿ ಸಾಲುಗಳಲ್ಲಿ ಹುಡುಕಿದರು. ಒಂದೊಂದಾಗಿ ಕಾಲು ತೂರಿಸಿ ನೋಡಿದರು. ಕೊನೆಗೆ ಸರಿಹೊಂದಿದ್ದು ಸೋಮಾರಿಯ ಜೋಡಿ. ಸುತ್ತ ನಿಂತವರು ಛಾವಣಿ ನೋಡತೊಡಗಿದರು.

“ಎಳದೆಳದ ನಡೀಬ್ಯಾಡ್ರಿ ಸಾಹೇಬ್ರ,” ಎಂದಳು ಬಾಳಕ್ಕ, “ಸವೀತಾವ.”

ಕೃತಿ ಆಯ್ಕೆಯಾಯಿತು. ಕೊಲ್ಲಾಪುರದಲ್ಲಿ ಅದನ್ನಿಟ್ಟಾಗ ನಡುವಿನ ಜಾಗ ಖಾಲಿ ಇತ್ತು. ಬಾಳಕ್ಕ ಆ ಭಾನುವಾರ ಸಂಜೆಯವರೆಗೆ ಕಾಯದೆ, ಗಂಡನ ಚಪ್ಪಲಿಯನ್ನು ತಾನೇ ಮೆಟ್ಟಿಕೊಂಡು ಮನೆಗೆ ಹೋಗಿದ್ದಳು.