ಈಜುಕೊಳದ ಅರ್ಜಿ

ಈಜುಕೊಳದ ಆನ್‌ಲೈನ್ ಅರ್ಜಿಯನ್ನು ತಯಾರಿಸುವ ಕೆಲಸ ತಂಗಿಯದು. ಅದನ್ನು ಎಲ್ಲರಿಗಿಂತ ಮೊದಲು ತುಂಬುವವನು ತಾನೇ ಎಂದು ಅಣ್ಣ ಪಟ್ಟು ಹಿಡಿದಿದ್ದ. ಹುಟ್ಟಿನಿಂದ ಅವನಿಗೆ ಕಣ್ಣು ಕಾಣದು. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ತಂತ್ರಾಂಶ ಅವನ ಕಂಪ್ಯೂಟರಿನಲ್ಲಿತ್ತು. ಆದರೂ ಶಾಲೆಯ ದಿನಗಳಿಂದ ಅವನ ಒಂದೊಂದು ಅರ್ಜಿಯನ್ನೂ ತಂಗಿಯೇ ತುಂಬಿದ್ದಳು. ಈ ಸಲವಾದರೂ ತನ್ನ ಅರ್ಜಿ ತಾನೇ ಹಾಕಬೇಕು, ಆಮೇಲೆಯೇ ನೀರಿಗಿಳಿಯುವುದು ಎಂದು ಅವನ ಹಟ.

ಮೊನ್ನೆ ಅರ್ಜಿಯನ್ನು ಪರೀಕ್ಷಿಸಿ ನೋಡಲೆಂದು ಇಬ್ಬರೂ ಅಕ್ಕಪಕ್ಕ ಕೂತಾಗ ಎಲ್ಲ ಸಲೀಸಾಗಿ ಸಾಗಿತ್ತು. ಅವಳು ಹಿಗ್ಗಿದ್ದಳು. ಇವತ್ತು ಅವನು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಸ್ವಲ್ಪ ಹೊತ್ತಿಗೆ ಹೊರಬಂದವನ ಮುಖ ಸಪ್ಪಗಿತ್ತು.

“ಎಲ್ಲಾ ಬಾಕ್ಸಿಗೂ ಈ ಯಂತ್ರ ‘ಖಾಲಿ, ಖಾಲಿ’ ಅಂತಷ್ಟೇ ಹೇಳುತ್ತೆ. ಯಾವುದರಲ್ಲಿ ಏನು ಬರೀಲಿ?”

ಮೊನ್ನೆ ಸರಿಯಿತ್ತಲ್ಲ ಎಂದು ಅವಳು ತಲೆ ಕೆರೆದುಕೊಂಡಳು. ಅಣ್ಣ ನಕ್ಕುಬಿಟ್ಟ. ಮೊನ್ನೆ ಓದಿದ್ದು ಯಂತ್ರವಲ್ಲ, ಅವಳೇ. ಅವನ ಬೆರಳು ನಿಂತಲ್ಲೆಲ್ಲ ‘ಹೂಂ, ಫೋನ್ ನಂಬರು’, ‘ಹೂಂ, ವಿಳಾಸ’ ಎಂದು ಬಾಯೊಳಗೇ ಗೊಣಗಿದ್ದಳು. ಅಷ್ಟು ವರ್ಷಗಳ ರೂಢಿ. ಹೇಳಿದ್ದು ಅವಳ ಗಮನಕ್ಕೇ ಬಂದಿರಲಿಲ್ಲ, ಕೇಳಿಸಿಕೊಂಡಿದ್ದು ಅವನಿಗೂ ಈಗಷ್ಟೇ ಹೊಳೆದಿತ್ತು.

ಬಿಡು, ನಾನೇ ತುಂಬಿಬಿಡ್ತೀನಿ ಎಂದು ಎದ್ದಳು.

“ಹಂಗಾದ್ರೆ ಈಜೋದಕ್ಕೂ ನೀನೇ ಹೋಗು ಕಣೇ.”

ಮಾತು ನಾಟಿತು. ಬಾಕ್ಸಿನೊಳಗೆ ಅವಳು ಮಸುಕಾಗಿ ಬರೆದಿಟ್ಟ ‘ಫೋನ್ ನಂಬರು’, ‘ವಿಳಾಸ’ದಂಥ ಹೆಸರುಗಳು ಕಣ್ಣಿಗೇನೋ ಚೆಂದ, ಆದರೆ ಯಂತ್ರ ಅವನ್ನು ಓದದು, ಕಿವಿಗೆ ಸೊನ್ನೆ. ಯಂತ್ರ ಓದಬಲ್ಲಂಥ ಹೆಸರನ್ನು ಪ್ರತಿ ಬಾಕ್ಸಿಗೂ ಜೋಡಿಸಿದಳು. ಬರೆದದ್ದು ತಪ್ಪಾದರೆ ಬಾಕ್ಸಿನ ಅಂಚು ಕೆಂಪಾಗಿ ಸುಮ್ಮನಾಗುತ್ತಿತ್ತು. ತಪ್ಪೇನೆಂದು ಮಾತಿನಲ್ಲೇ ತಿಳಿಸುವ ಹಾಗೆ ಮಾಡಿದಳು.

ಮತ್ತೆ ಬಾಗಿಲು ಮುಚ್ಚಿತು. ಅವಳು ಹೊರಗೆ ಕೂತಳು. ಒಳಗೆ ಕೀಲಿಮಣೆಯ ಟಕಟಕ ಕೇಳಿ, ನಿಂತುಹೋಯಿತು. ಆ ಮೌನ ಅವಳನ್ನು ಕುರ್ಚಿಯಿಂದ ಅರ್ಧ ಎಬ್ಬಿಸಿತು. ಏನಾಯ್ತೋ ಎಂಬ ಮಾತು ನಾಲಿಗೆಯ ತುದಿಗೆ ಬಂತು, ನುಂಗಿಕೊಂಡಳು. ಅವನು ತಡವರಿಸುತ್ತಿರಬಹುದು, ಸುಮ್ಮನೆ ಯೋಚಿಸುತ್ತಿರಲೂಬಹುದು. ಯೋಚಿಸುವಷ್ಟು ಪುರುಸೊತ್ತನ್ನು ತಾನು ಎಂದಾದರೂ ಅವನಿಗೆ ಕೊಟ್ಟಿದ್ದಳೇ? ಅವಳು ಕೂತಳು. ಬಹಳ ಹೊತ್ತಿನ ಮೇಲೆ ಟಕಟಕ ಮತ್ತೆ ಶುರುವಾಯಿತು.

ಬಾಗಿಲು ತೆರೆದಾಗ ಅವನ ಮುಖ ಅರಳಿತ್ತು. ಅರ್ಜಿ ಹೋಯಿತಂತೆ. ಬೆಳಗಿನ ತಂಡ ಕೇಳಿದೆಯೋ ಸಂಜೆಯದೋ, ತುರ್ತಿಗೆ ಯಾರ ನಂಬರು ಕೊಟ್ಟೆ ಎಂದು ಅವಳು ಒಂದೇ ಉಸಿರಿಗೆ ಕೇಳಿದಳು.

“ಅದೆಲ್ಲ ನಾನುಂಟು, ಈಜುಕೊಳದೋರುಂಟು. ನಿಂಗ್ಯಾಕೆ?”

ಒಂದು ಗಳಿಗೆ ಅವಳಿಗೆ ಕಸಿವಿಸಿಯಾಯಿತು, ಆಮೇಲೆ ನಗು ಬಂತು. ಅಣ್ಣನ ಅರ್ಜಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿಲ್ಲದಿದ್ದುದು ಇದೇ ಮೊದಲು. ಅವನಾಗಲೇ ಸಿಳ್ಳೆ ಹಾಕುತ್ತಾ ಬೀರುವಿನಲ್ಲಿ ಟವೆಲು ತಡಕುತ್ತಿದ್ದ.